ಹನ್ನೊಂದು ಚೀಟಿ, ಒಂದೇ ಸಾಲು

ನಾನು ನಿವೃತ್ತಳಾಗಲು ಎರಡು ವರ್ಷ ಬಾಕಿ ಇದ್ದಾಗಿನ ಮಾತಿದು. ಪುಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಹುಟ್ಟಿ ಬೆಳೆದದ್ದು ಧಾರವಾಡದ ಹತ್ತಿರದ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ದೌಂಡಿಗೆ. ನಮ್ಮವರು ಅಲ್ಲಿ ರೈಲ್ವೆಯಲ್ಲಿದ್ದರು. ಹೀಗಾಗಿ ದಿನಾ ಬೆಳಿಗ್ಗೆ ರೈಲುಗಾಡಿ ಹತ್ತಿ ಪುಣೆಗೆ ಬರುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಇಪ್ಪತ್ತೆಂಟು ವರ್ಷ ಹಾಗೇ ಓಡಾಡಿದೆ. ಕಿಟಕಿಯಾಚೆ ಕಬ್ಬು ಎಷ್ಟೆತ್ತರ ಬೆಳೆದಿದೆ ಎಂದು ನೋಡಿಯೇ ಇದು ಯಾವ ತಿಂಗಳು ಅಂತ ಹೇಳಿಬಿಡುತ್ತಿದ್ದೆ. ಈಗ ಮನೆಯಲ್ಲಿ ಕೂತಾಗ ಆ ಗಾಡಿಯ ಸದ್ದು ಕೇಳಿದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ.

ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಾರ್ಡಿನಲ್ಲಿ ಇಪ್ಪತ್ತನಾಲ್ಕು ಹಾಸಿಗೆ, ನನ್ನ ಕೈಕೆಳಗೆ ಹನ್ನೊಂದು ಜನ ನರ್ಸುಗಳು. ಯಾರು ತಪ್ಪಿದರೂ ಅಲ್ಲೇ, ಎಲ್ಲರೆದುರೇ ಅಂದುಬಿಡುತ್ತಿದ್ದೆ. ಹಾಗೆ ಅನ್ನಿಸಿಕೊಂಡೇ ನಾನೂ ಕಲಿತದ್ದು, ಕಲಿಸುವುದೂ ಹಾಗೆಯೇ ಎಂದುಕೊಂಡಿದ್ದೆ. ಚೆನ್ನಾಗಿ ಮಾಡಿದ್ದಕ್ಕೆ ಹೇಳುವುದೇನಿದೆ, ಅದು ಅವರ ಕೆಲಸ ತಾನೇ ಎಂಬುದು ನನ್ನ ಲೆಕ್ಕ.

ಆ ವರ್ಷ ನಮ್ಮ ಆಸ್ಪತ್ರೆಯಿಂದ ಒಬ್ಬರ ಹಿಂದೊಬ್ಬರು ನರ್ಸುಗಳು ಕೆಲಸ ಬಿಟ್ಟರು. ಆಫೀಸಿನವರಿಗೆ ಚಿಂತೆ ಹತ್ತಿತು. ಅಲ್ಲಿ ಅನುಷಾ ಎಂಬ ಬೆಂಗಳೂರಿನ ಹುಡುಗಿ ಹೊಸದಾಗಿ ಸೇರಿದ್ದಳು. ಪುಣೆಯ ವಾಕಡದಲ್ಲಿ ಅಣ್ಣನ ಮನೆಯಲ್ಲಿದ್ದಳು. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ನನ್ನ ಕಂಡರೆ ಅವಳಿಗೆ ಸಲುಗೆ. ಒಂದು ದಿನ ಹಳದಿ ಚೀಟಿಗಳ ಕಟ್ಟು ಹಿಡಿದುಕೊಂಡು ಬಂದಳು.

"ಮೇಡಂ, ಇದು ಹೊಸ ಪ್ಲಾನ್. ತಿಂಗಳಿಗೊಂದ್ಸಲ ನೀವು ನಿಮ್ಮ ಒಬ್ಬೊಬ್ಬ ಸಿಸ್ಟರ್‌ಗೂ ಒಂದು ಒಳ್ಳೇ ಮಾತು ಬರೆದು ಕೊಡ್ಬೇಕು. ಕೈಯಲ್ಲೇ ಬರೀಬೇಕು. ವಾಟ್ಸಾಪ್ ಫಾರ್ವರ್ಡ್ ಎಲ್ಲ ನಡೆಯಲ್ಲ."

ನಾನು ನಕ್ಕುಬಿಟ್ಟೆ. "ಚೀಟಿ ತಗೊಂಡ ಏನ್ ಮಾಡೂದವ್ವಾ? ಇನ್ನ ಇಬ್ಬರು ಸಿಸ್ಟರ್ ಕೊಡ್ರಿ. ನಮ್ಮ ಹುಡುಗ್ಯಾರು ತಾವ ನಗ್ತಾರ."

"ಅದನ್ನೂ ಕೇಳಿದೀನಿ ಮೇಡಂ. ಅದು ನನ್ನ ಕೈಲಿಲ್ಲ, ಇದು ಇದೆ. ಒಂದ್ಸಲ ಟ್ರೈ ಮಾಡಿ, ಪ್ಲೀಸ್."

ಪಾಪ, ಅವಳ ಮುಖ ನೋಡಿ ಚೀಟಿ ತೆಗೆದುಕೊಂಡು ಬ್ಯಾಗಿಗೆ ಹಾಕಿದೆ, ಮರೆತೆ. ಕೊಡಬೇಕಾದ ದಿನ ಬೆಳಿಗ್ಗೆ ಗಾಡಿಯಲ್ಲಿ ಕೂತಾಗ ನೆನಪಾಯಿತು. ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಚೀಟಿ ಇಟ್ಟು ಬರೆಯತೊಡಗಿದೆ. ಮೊದಲನೆಯದಕ್ಕೆ ಮರಾಠಿಯಲ್ಲಿ 'ನಿಮ್ಮ ಕೆಲಸ ಚೆನ್ನಾಗಿದೆ, ಹೀಗೇ ಮುಂದುವರಿಸಿ' ಎಂದು ಬರೆದೆ. ಎರಡನೆಯದಕ್ಕೂ ಅದನ್ನೇ ಬರೆದೆ. ನಮ್ಮ ಡಾಕ್ಟರರು ರೌಂಡ್ಸಿಗೆ ಬಂದಾಗ ರೋಗಿ ಇದ್ದ ಹಾಗೇ ಇದ್ದರೆ ಫೈಲಿನಲ್ಲಿ 'ಅದೇ ಔಷಧ ಮುಂದುವರಿಸಿ' ಎಂದು ಒಂದು ಗೀಚು ಗೀಚಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಅಷ್ಟು ವರ್ಷ ಅದನ್ನೇ ಓದಿದ ಕೈ ನನ್ನದು. ಉರುಳಿ ಸ್ಟೇಷನ್ ಬರುವಷ್ಟರಲ್ಲಿ ಹತ್ತು ಚೀಟಿ ಮುಗಿದವು.

ಹನ್ನೊಂದನೆಯದು ರೇಖಾಳದು. ಬಾಗಲಕೋಟೆ ಕಡೆಯ ಹುಡುಗಿ, ವಾರ್ಡಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ನಮ್ಮಲ್ಲಿ ಕನ್ನಡ ಓದುವವಳು ನನ್ನ ಬಿಟ್ಟರೆ ಅವಳೊಬ್ಬಳೇ. ಮರಾಠಿ ಮಾತಾಡಲು ಕಲಿತಿದ್ದಳು, ಓದಲು ಇನ್ನೂ ತಡವರಿಸುತ್ತಿದ್ದಳು. ಅದಕ್ಕೇ ಅವಳಿಗೆ ಕನ್ನಡದಲ್ಲಿ ಬರೆದೆ. 'ನಿನ್ನ ಕೆಲಸ ಛಲೋ ಅದ. ಹಿಂಗ ಮುಂದುವರಸು.' ಅಷ್ಟರಲ್ಲಿ ಗಾಡಿ ಸಿಗ್ನಲ್ಲಿಗೆ ನಿಂತಿದ್ದರಿಂದ ಆ ಒಂದು ಚೀಟಿಯಲ್ಲಿ ಮಾತ್ರ ಅಕ್ಷರ ದುಂಡಗೆ ಬಂದವು. ಎಲ್ಲರಿಗೂ ಹಂಚಿದೆ, ಅನುಷಾಳಿಗೆ 'ಆಯ್ತವ್ವಾ' ಎಂದು ಫೋನ್ ಮಾಡಿದೆ. ಅಲ್ಲಿಗೆ ಆ ಕೆಲಸ ಮುಗಿಯಿತೆಂದುಕೊಂಡೆ.

ಇಲ್ಲೊಂದು ಮಾತು ಹೇಳಬೇಕು. ಚೀಟಿ ಕೊಡುವುದಕ್ಕೆ ಒಂದು ವಾರ ಮೊದಲು ನಾನು ರೇಖಾಳಿಗೆ ಆಡಬಾರದ ಮಾತು ಆಡಿದ್ದೆ. ಒಬ್ಬ ರೋಗಿಯ ಸಲೈನ್ ಮುಗಿದಿತ್ತು, ಇವಳು ಬೇರೆ ಹಾಸಿಗೆಯ ಹತ್ತಿರ ಇದ್ದಳು. ರೋಗಿಯ ಮಗ ಮರಾಠಿಯಲ್ಲಿ ಕೂಗಾಡಿದ. ಅವನು ಅಷ್ಟು ಜೋರಾಗಿ, ಅಷ್ಟು ಬೇಗ ಆಡಿದ್ದು ಇವಳಿಗೆ ತಿಳಿಯದೆ ಸುಮ್ಮನೆ ನಿಂತಿದ್ದಳು. ಅವನನ್ನು ಸಮಾಧಾನ ಮಾಡುವ ಭರದಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. "ಇದು ನಿನ್ನ ಕೈಲೆ ಆಗೂ ಕೆಲಸ ಅಲ್ಲ. ಊರಿಗೆ ಹೋಗಿ ಎಮ್ಮಿ ಕಾಯಿ ಹೋಗ." ಅವಳು ತಲೆ ತಗ್ಗಿಸಿಕೊಂಡು ಹೋಗಿ ಬಾಟಲಿ ಬದಲಿಸಿದಳು. ಸಂಜೆ ಗಾಡಿ ಹತ್ತುವ ಹೊತ್ತಿಗೆ ನಾನು ಅದನ್ನು ಮರೆತಿದ್ದೆ. ಅಂದವರಿಗೆ ಮರೆವು ಸುಲಭ.

ಚೀಟಿ ಕೊಟ್ಟು ಇಪ್ಪತ್ತು ದಿನ ಆಗಿರಬಹುದು. ಸಂಜೆ ರೋಗಿಗಳನ್ನು ನೋಡಲು ಬಿಡುವ ಹೊತ್ತು. ಧೋತರ ಉಟ್ಟು, ಹಣೆಯ ತುಂಬ ದೇವರ ಅರಿಶಿನ, ಭಂಡಾರ ಬಡಿದುಕೊಂಡಿದ್ದ ಒಬ್ಬರು ವಾರ್ಡಿನ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲೊಂದು ಬಟ್ಟೆಯ ಚೀಲ. ರೇಖಾ ಓಡಿಹೋಗಿ ಅವರ ಕೈಹಿಡಿದು ಕರೆತಂದಳು. ಅವಳ ತಂದೆ ಮಲ್ಲಪ್ಪ. ಊರ ಮಂದಿಯ ಜೊತೆ ಗಾಡಿ ಮಾಡಿಕೊಂಡು ಪುಣೆ ಹತ್ತಿರದ ಜೇಜುರಿಯ ಖಂಡೋಬನ ದರ್ಶನಕ್ಕೆ ಬಂದವರು, ಅವರನ್ನೆಲ್ಲ ಅಲ್ಲೇ ಬಿಟ್ಟು ಬಸ್ಸು ಹಿಡಿದು ಮಗಳನ್ನು ನೋಡಲು ಬಂದಿದ್ದರು.

ನನ್ನೆದುರು ಎರಡೂ ಕೈ ಜೋಡಿಸಿದರು. "ಬಾಯಾರ, ನಿಮ್ಮ ಉಪಕಾರ ಭಾಳ ಆತ್ರಿ."

"ನಾ ಏನ್ ಮಾಡೀನ್ರಿ? ಕುಂದರ್ರಿ," ಎಂದೆ.

"ನಮ್ಮ ಮನಿಯಾಗ ಓದಿದ್ದು ಇಕಿ ಒಬ್ಬಾಕಿನ ನೋಡ್ರಿ. ನಮ್ಮ ಅಣ್ಣಂದು ಒಂದ ಹಠ, ಹುಡುಗೀನ್ನ ಪರ ಊರಿಗೆ ಕಳಸಬ್ಯಾಡ ಅಂತ. ನಾ ಎದುರು ನಿಂತು ಕಳಿಸಿದೆ. ತಿಂಗಳ ಹಿಂದ ಇಕಿ ಅಳಕೋತ ಫೋನ್ ಮಾಡಿದ್ಲು. ನಂಗ ಆಗೂದಿಲ್ಲ, ಬರ್ತೀನಿ ಅಂತ. ಗಂಟೂ ಕಟ್ಟಿದ್ಲಂತ. ಬಂದಿದ್ರ ಮುಗೀತ್ರಿ, ನಮ್ಮಣ್ಣ ಗಂಡು ನೋಡೇ ಇಟ್ಟಿದ್ದ. ಮತ್ತ ನರ್ಸ್ ಕೆಲಸದ ಮಾತ ಇಲ್ಲ. ಅಷ್ಟರಾಗ ನಿಮ್ಮ ಚೀಟಿ ಬಂತು. 'ಅಪ್ಪಾ, ಸಿಸ್ಟರ್ ತಾವ ಬರದು ಕೊಟ್ಟಾರ, ಕನ್ನಡದಾಗ ಬರದಾರ, ನಾ ಬರೂದಿಲ್ಲ' ಅಂದ್ಲು. ಫೋನಿನ್ಯಾಗ ನಾಕ ಸಲ ಓದಿಸಿದ್ನಿ. ಎಲ್ಲೈತವ್ವಾ ಅದು, ತೋರಸು ನೋಡೂಣು."

ರೇಖಾ ಕೊರಳಲ್ಲಿದ್ದ ಐಡಿ ಕಾರ್ಡಿನ ಹಿಂದಿನಿಂದ ಚೀಟಿ ತೆಗೆದುಕೊಟ್ಟಳು. ಮಡಿಕೆ ಬಿದ್ದು ಬಿದ್ದು ಅದು ಮೆತ್ತಗಾಗಿತ್ತು. ಮಲ್ಲಪ್ಪನವರು ಅದನ್ನು ಬಿಡಿಸಿ ಹಿಡಿದು ನೋಡಿದರು. "ಎಷ್ಟು ದುಂಡಗ ಬರದೀರ್ರಿ, ಬಾಯಾರ," ಎಂದರು. ಆಮೇಲೆ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಚೀಟಿಯ ಮೂಲೆಗೆ ಹಚ್ಚಿದರು.

ಆ ಅಕ್ಷರ ಯಾಕೆ ದುಂಡಗಾದವೆಂದು ನನಗೊಬ್ಬಳಿಗೇ ಗೊತ್ತಿತ್ತು. 'ಇಲ್ರಿ, ಅದು ಹಂಗಲ್ಲ' ಎನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮಂದಾ ಬಂದಳು. ನಮ್ಮ ವಾರ್ಡಿನ ಹಳೆಯ ನರ್ಸ್, ಸದಾ ನಗುವ ಹೆಂಗಸು. ಅವಳಿಗೆ ಕನ್ನಡ ಬಾರದು. ಏನು ಅಷ್ಟು ಭಕ್ತಿಯಿಂದ ನೋಡುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದಳು. ರೇಖಾ ಹೆಮ್ಮೆಯಿಂದ ಚೀಟಿಯಲ್ಲಿದ್ದದ್ದನ್ನು ಅವಳಿಗೆ ಮರಾಠಿಯಲ್ಲಿ ಹೇಳಿದಳು. ಕನ್ನಡದಲ್ಲಿದ್ದದ್ದು ತನಗಾಗಿಯೇ ಬರೆದದ್ದು ಎಂದು ಆ ಹುಡುಗಿ ನಂಬಿದ್ದಳು. ಬೇರೆಯವರ ಚೀಟಿಯಲ್ಲಿ ಏನಿದೆ ಎಂದು ಅವಳು ಓದಿ ನೋಡಿರಲಿಲ್ಲ.

"ಅಗ ಬಾಯಿ! ಮಾಝ್ಯಾ ಚಿಠ್ಠೀತ ಪಣ ಹೇಚ ಲಿಹಿಲಂಯ!" ಎಂದಳು ಮಂದಾ. ನನ್ನ ಚೀಟಿಯಲ್ಲೂ ಇದನ್ನೇ ಬರೆದಿದೆಯಲ್ಲೇ ಎಂದು ಫೋನಿನ ಕವರಿನ ಹಿಂದಿನಿಂದ ತನ್ನ ಹಳದಿ ಚೀಟಿ ಎಳೆದು ತೋರಿಸಿದಳು. ಪಕ್ಕದಲ್ಲಿದ್ದ ಇನ್ನಿಬ್ಬರೂ 'ನನ್ನದೂ ಅದೇ, ನನ್ನದೂ ಅದೇ' ಎಂದರು. 'ಅದೇ ಔಷಧ ಮುಂದುವರಿಸಿ' ಎಂದು ಯಾರೋ ಡಾಕ್ಟರರ ದನಿಯಲ್ಲಿ ಅಣಕಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ರೇಖಾ ನಗಲಿಲ್ಲ. ಒಮ್ಮೆ ನನ್ನ ಮುಖ ನೋಡಿದಳು. ನಾನು ಕಣ್ಣು ಕೆಳಗೆ ಹಾಕಿದೆ.

ಮಲ್ಲಪ್ಪನವರಿಗೆ ಮರಾಠಿ ತಿಳಿಯದು. ಎಲ್ಲರೂ ನಗುವುದನ್ನು ನೋಡಿ ಅವರೂ ನಗುತ್ತಾ ಕೇಳಿದರು, "ಯಾಕವ್ವಾ, ಏನಂತ ನಗಾಕತ್ತಾರ?"

ಈಗ ಹೇಳುತ್ತಾಳೆ, ಮುಗಿಯಿತು ಎಂದುಕೊಂಡೆ. ಹೇಳಿದ್ದರೆ ತಪ್ಪೂ ಇರಲಿಲ್ಲ.

"ಏನಿಲ್ಲಪ್ಪಾ," ಎಂದಳು ರೇಖಾ. "ಇಲ್ಲಿ ಎಲ್ಲಾರ ಕೆಲಸಾನೂ ಛಲೋ ಅದ ಅಂತಾರ, ಅದಕ್ಕ." ಚೀಟಿಯನ್ನು ತಂದೆಯ ಕೈಯಿಂದ ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡಳು. ಐಡಿ ಕಾರ್ಡಿನ ಹಿಂದೆ ಇಡಲಿಲ್ಲ. ಮಲ್ಲಪ್ಪನವರು ನನ್ನ ಹಣೆಗೂ ಭಂಡಾರ ಹಚ್ಚಿ, "ನಮ್ಮ ಹುಡುಗಿ ನಿಮ್ಮ ಉಡಿಯಾಗ ಅದಾಳ್ರಿ ಬಾಯಾರ," ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ರೇಖಾ ರಾಜೀನಾಮೆ ಪತ್ರ ತಂದು ನನ್ನ ಮೇಜಿನ ಮೇಲಿಟ್ಟಳು. ನಮ್ಮಲ್ಲಿ ಅದು ಇನ್‌ಚಾರ್ಜ್ ಸಹಿಯಾಗಿ ಆಫೀಸಿಗೆ ಹೋಗಬೇಕು.

"ಯಾಕವ್ವಾ?" ಎಂದೆ.

"ನೀವ ಹೇಳಿದ್ದು ಖರೇ ಅದರಿ ಸಿಸ್ಟರ್. ಎಮ್ಮಿ ಕಾಯೂದ ನನಗ ಬರೋಬ್ಬರಿ." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಹಳ ಸಮಾಧಾನದಿಂದ ಹೇಳಿದಳು.

"ಎರಡು ದಿವಸ ನನ್ನ ಹಂತ್ಯಾಕ ಇರ್ಲಿ," ಎಂದು ಪತ್ರವನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

ಆ ದಿನ ಮನೆಗೆ ಹೋಗಿ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ನಿಮ್ಮ ವಾರ್ಡಿನ್ಯಾಗ ಹನ್ನೊಂದು ಪೇಷಂಟಿಗೂ ಒಂದ ಗುಳಿಗಿ ಕೊಡ್ತೀಯೇನ?" ಎಂದರು. ನಾನು ಸಿಟ್ಟಾಗಿ ಎದ್ದು ಒಳಗೆ ಹೋದೆ. ಒಳಗೆ ಹೋಗಿ ಯೋಚಿಸಿದೆ. ರೇಖಾಳ ಕೆಲಸ ಚೆನ್ನಾಗಿದೆ ಎಂದು ಬರೆದೆನಲ್ಲ, ಅವಳ ಯಾವ ಕೆಲಸ? ಅವಳ ತಪ್ಪುಗಳನ್ನು ಕೇಳಿದ್ದರೆ ತಾರೀಖಿನ ಸಮೇತ ಹೇಳುತ್ತಿದ್ದೆ. ಒಳ್ಳೆಯದು ಒಂದೂ ನೆನಪಾಗಲಿಲ್ಲ. ನಾಲ್ಕು ತಿಂಗಳು ಕಣ್ಣೆದುರು ಓಡಾಡಿದ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ. ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಮರುದಿನ ನೋಡಲೆಂದೇ ನೋಡಿದೆ. ಒಂಬತ್ತನೇ ಹಾಸಿಗೆಯಲ್ಲಿ ಒಬ್ಬ ಅಜ್ಜ ಇದ್ದರು. ಸೂಜಿ ಎಂದರೆ ಆಗದು, ಯಾರು ಹತ್ತಿರ ಹೋದರೂ ಕೈ ಕಿತ್ತುಕೊಂಡು ಬೈಯುತ್ತಿದ್ದರು. ಮಂದಾಳ ಕೈಯನ್ನು ಒಮ್ಮೆ ತಳ್ಳಿಯೂ ಬಿಟ್ಟಿದ್ದರು. ಕೆಲವು ದಿನದಿಂದ ಅವರ ಕೂಗಾಟ ನಿಂತಿತ್ತು, ಯಾಕೆಂದು ನಾನು ಕೇಳಿರಲಿಲ್ಲ. ಆ ಬೆಳಿಗ್ಗೆ ರೇಖಾ ಅವರ ಹತ್ತಿರ ಹೋದಳು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಳು. ಎಸಿ ವಾರ್ಡಿನಲ್ಲಿ ಅದನ್ನು ಹಚ್ಚಿಕೊಂಡರೆ ಕೈ ಮಂಜಿನಂತಾಗುತ್ತದೆ. ನಾವೆಲ್ಲ ಅದೇ ಕೈಯಲ್ಲಿ ರೋಗಿಯನ್ನು ಹಿಡಿಯುವವರು. ಇವಳು ಹಾಗೆ ಮಾಡಲಿಲ್ಲ. ಅಜ್ಜನ ಜೊತೆ ಏನೋ ಮಾತಾಡುತ್ತಾ ಎರಡೂ ಅಂಗೈಗಳನ್ನು ಗಸಗಸ ಉಜ್ಜಿದಳು, ಬಿಸಿಯಾಗುವ ತನಕ ಉಜ್ಜಿದಳು. ಆಮೇಲೆ ಅವರ ಕೈ ಹಿಡಿದಳು. ಅಜ್ಜ ಕೈ ಕಿತ್ತುಕೊಳ್ಳಲಿಲ್ಲ. ಅವಳು ನರ ಹುಡುಕಿ ಸೂಜಿ ಹಾಕುವ ತನಕ ಚಾವಣಿ ನೋಡುತ್ತಾ ಮಲಗಿದ್ದರು.

ಅವಳು ಈಚೆ ಬಂದ ಮೇಲೆ ಕೇಳಿದೆ. "ಕೈ ಬೆಚ್ಚಗ ಮಾಡ್ಕೊಳ್ಳೂದು ಯಾರು ಕಲಿಸಿದ್ರವ್ವಾ? ಕಾಲೇಜಿನ್ಯಾಗೇನು?"

"ಇಲ್ರಿ. ನಮ್ಮವ್ವ. ಎಮ್ಮಿ ಹಿಂಡೂ ಮುಂದ ಕೈ ತಣ್ಣಗಿದ್ರ ಒದೀತಾವ್ರಿ."

ಯಾವ ಎಮ್ಮೆಯ ಹೆಸರು ಹಿಡಿದು ನಾನು ಅವಳನ್ನು ಹೀಯಾಳಿಸಿದ್ದೆನೋ, ಅದರಿಂದ ಕಲಿತದ್ದನ್ನೇ ಅವಳು ನನ್ನ ವಾರ್ಡಿಗೆ ತಂದಿದ್ದಳು. ಅಷ್ಟು ವರ್ಷದ ಸರ್ವಿಸಿನಲ್ಲಿ ನನಗೆ ತೋಚದ್ದು ಅದು.

ಹಳದಿ ಚೀಟಿ ಮುಟ್ಟಲು ಮನಸ್ಸಾಗಲಿಲ್ಲ. ನಾವು ಸಲೈನ್ ಬಾಟಲಿಗೆ ಹೊತ್ತು ಬರೆದು ಅಂಟಿಸುವ ಬಿಳಿ ಟೇಪ್ ಇರುತ್ತದಲ್ಲ, ಅದನ್ನೇ ಉದ್ದಕ್ಕೆ ಹರಿದು ಬರೆದೆ. 'ಸೂಜಿ ಹಾಕೂ ಮೊದಲ ಕೈ ಉಜ್ಜಿ ಬೆಚ್ಚಗ ಮಾಡ್ಕೊಂತಿ. ಒಂಬತ್ತನೇ ಬೆಡ್ಡಿನ ಅಜ್ಜ ಅದಕ್ಕ ಕೈ ಕೊಡ್ತಾರ. ನಾನು ನೋಡೀನಿ. ಎಮ್ಮಿ ಮಾತು ಆಡಿದ್ದು ತಪ್ಪಾತು.' ಇಷ್ಟೇ ಸಾಲು ಬರೆಯಲು ಕಾಲು ಗಂಟೆ ಬೇಕಾಯಿತು. ತಪ್ಪಾತು ಎಂಬ ಮಾತನ್ನು ನಾನು ನಮ್ಮವರಿಗೂ ಬರೆದುಕೊಟ್ಟವಳಲ್ಲ. ಅದನ್ನು ಅವಳ ನೀರಿನ ಬಾಟಲಿಗೆ ಅಂಟಿಸಿ ಬಂದೆ.

ಮಧ್ಯಾಹ್ನ ಅವಳು ನೀರು ಕುಡಿಯುವುದನ್ನು ದೂರದಿಂದ ನೋಡಿದೆ. ಬಾಟಲಿ ತಿರುಗಿಸಿ ಓದಿದಳು, ಇನ್ನೊಮ್ಮೆ ಓದಿದಳು. ಸಂಜೆಯ ತನಕ ನನ್ನ ಹತ್ತಿರ ಬರಲೇ ಇಲ್ಲ. ಪತ್ರ ನನ್ನ ಜೇಬಿನಲ್ಲೇ ಇತ್ತು. ನಾಳೆ ಇದಕ್ಕೆ ಸಹಿ ಮಾಡಿ ಕಳಿಸಬೇಕು, ಇನ್ನು ತಡೆಯುವುದು ನ್ಯಾಯವಲ್ಲ ಎಂದುಕೊಂಡು ಸ್ಟೇಷನ್ನಿಗೆ ನಡೆದೆ.

ನನಗೊಂದು ಕೆಟ್ಟ ರೂಢಿ ಇತ್ತು. ಮಧ್ಯಾಹ್ನದ ಡಬ್ಬಿಯನ್ನು ನಾನು ಉಣ್ಣುತ್ತಿದ್ದುದು ಸಂಜೆ ಗಾಡಿಯಲ್ಲಿ. ಹುಡುಗಿಯರನ್ನು ಇಬ್ಬಿಬ್ಬರಾಗಿ ಊಟಕ್ಕೆ ಕಳಿಸಿ ನಾನು ವಾರ್ಡಿನಲ್ಲಿ ನಿಲ್ಲುತ್ತಿದ್ದೆ. ಅವರೆಲ್ಲ ಉಂಡು ಬರುವಷ್ಟರಲ್ಲಿ ಹೊಸ ಪೇಷಂಟ್ ಬರುತ್ತಿದ್ದ, ಇಲ್ಲವೇ ಡಾಕ್ಟರರು ಬರುತ್ತಿದ್ದರು. ಯಾರಾದರೂ ಕೇಳಿದರೆ 'ನನ್ನದು ಆಗಲೇ ಆಯ್ತು' ಎನ್ನುತ್ತಿದ್ದೆ. ಮನೆಯಲ್ಲೂ ಇದು ಗೊತ್ತಿರಲಿಲ್ಲ. ಡಬ್ಬಿ ಖಾಲಿಯಾಗಿ ಬರುತ್ತಿತ್ತಲ್ಲ, ಕೇಳುವವರ್ಯಾರು?

ಅವತ್ತೂ ಕಿಟಕಿಯ ಪಕ್ಕ ಕೂತು ಡಬ್ಬಿ ತೆರೆದೆ. ಮುಚ್ಚಳದ ಒಳಗೆ ಬಿಳಿ ಟೇಪ್ ಅಂಟಿಸಿತ್ತು. ಕನ್ನಡದಲ್ಲಿ ಸಣ್ಣ ಅಕ್ಷರ.

'ಸಿಸ್ಟರ್, ನಾವೆಲ್ಲಾ ಉಂಡ ಮ್ಯಾಲೂ ನೀವು ಉಂಡಿರೂದಿಲ್ಲ. ದಿನಾ ಸುಳ್ಳ ಹೇಳ್ತೀರಿ. ನಾನೂ ನೋಡೀನ್ರಿ. ನಾಳೆ ಒಂದು ಗಂಟೆಕ್ಕ ಕೂಡಿ ಉಣ್ಣೂಣು. ಆ ಪತ್ರ ಹರದು ಹಾಕ್ರಿ.'

ಆ ಗಾಡಿಯಲ್ಲಿ ನಾನು ಅತ್ತ ಅಳು ಎಂದೂ ಅತ್ತಿಲ್ಲ. ಎದುರಿಗೆ ಕೂತಿದ್ದ ಮೀನು ಮಾರುವ ಹೆಂಗಸು ಗಾಬರಿಯಾಗಿ, ಯಾರಾದರೂ ತೀರಿಕೊಂಡರೇ ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲ ಬಾಯಿ, ಖಾರ ಹತ್ತಿತು ಎಂದೆ. ಇನ್ನೂ ಒಂದು ತುತ್ತೂ ಉಂಡಿರಲಿಲ್ಲ. ಕೇಡಗಾಂವ ಸ್ಟೇಷನ್ ದಾಟಿದ ಮೇಲೆ ಜೇಬಿನಿಂದ ಪತ್ರ ತೆಗೆದು ಹರಿದೆ, ಚೂರುಗಳನ್ನು ಡಬ್ಬಿಯ ಚೀಲಕ್ಕೆ ಹಾಕಿದೆ. ಆಮೇಲೆ ತಣ್ಣಗಾದ ಚಪಾತಿ ಪಲ್ಯೆ ಪೂರ್ತಿ ಉಂಡೆ.

ಮರುದಿನ ಒಂದು ಗಂಟೆಗೆ ರೇಖಾ ಬಂದು ನನ್ನೆದುರು ನಿಂತಳು. ಮಂದಾಳನ್ನು ವಾರ್ಡಿನಲ್ಲಿ ನಿಲ್ಲಿಸಿ ಇಬ್ಬರೂ ಹೋಗಿ ಕೂತು ಉಂಡೆವು. ಅವಳ ಶೇಂಗಾ ಚಟ್ನಿ ನನಗೆ ಹಾಕಿದಳು. ಮುಂದಿನ ತಿಂಗಳು ಅನುಷಾ ಚೀಟಿ ತಂದಾಗ, "ಹನ್ನೊಂದೂ ಒಂದ ದಿವಸ ಬರಿಯೂದು ನನ್ನ ಕೈಲೆ ಆಗೂದಿಲ್ಲವ್ವಾ. ಕಂಡಾಗ ಬರೀತೀನಿ," ಎಂದೆ. ಕೆಲವರದು ವಾರದಲ್ಲೇ ಕಂಡಿತು, ಕೆಲವರದು ಕಾಣಲು ಮೂರು ತಿಂಗಳು ಹಿಡಿಯಿತು. ಮಂದಾಳಿಗೆ ಬರೆದುಕೊಟ್ಟಾಗ ಅವಳು ಫೋನಿನ ಕವರಿನ ಹಿಂದಿನ ಹಳದಿ ಚೀಟಿ ತೆಗೆದು ಇದನ್ನು ಇಟ್ಟುಕೊಂಡಳು. ನಗುತ್ತಲೇ ಇದ್ದ ಆ ಹೆಂಗಸು ಕೂಡ ಅಂಥ ಒಣ ಚೀಟಿಯನ್ನು ಅಷ್ಟು ದಿನ ಕಾಪಾಡಿಕೊಂಡಿದ್ದಳಲ್ಲ ಎಂದು ಆಗ ಹೊಳೆಯಿತು. ನನ್ನ ಬಾಯಿ ಮಾತ್ರ ಪೂರ್ತಿ ಸುಧಾರಿಸಲಿಲ್ಲ. ಬೈದ ಮೇಲೆ ನೆನಪಿಟ್ಟುಕೊಳ್ಳುವುದನ್ನು ಕಲಿತೆ, ಅಷ್ಟೇ.

ಈಗ ನಾನು ನಿವೃತ್ತಳಾಗಿ ದೌಂಡಿನಲ್ಲೇ ಇದ್ದೇನೆ. ರೇಖಾ ಆ ವಾರ್ಡಿನಲ್ಲೇ ಇದ್ದಾಳೆ. ಹೊಸದಾಗಿ ಬಂದ ಹುಡುಗಿಯರಿಗೆ ಮೊದಲು ಕೈ ಉಜ್ಜುವುದನ್ನು ಕಲಿಸುತ್ತಾಳಂತೆ. ಆ ಡಬ್ಬಿ ನನ್ನ ಹತ್ತಿರವೇ ಇದೆ. ಮುಚ್ಚಳವನ್ನು ನಾನೇ ತೊಳೆಯುತ್ತೇನೆ, ತಂತಿಯ ಜುಂಗು ತಾಗಿಸುವುದಿಲ್ಲ. ಆದರೂ ಅಕ್ಷರ ನಿಲ್ಲಲಿಲ್ಲ, ಟೇಪಿನ ಗುರುತು ಉಳಿದಿದೆ ಅಷ್ಟೇ. ನನಗೀಗ ಯಾವ ಡ್ಯೂಟಿಯೂ ಇಲ್ಲ, ಯಾವಾಗ ಬೇಕಾದರೂ ಉಣ್ಣಬಹುದು. ಆದರೆ ಗಡಿಯಾರದಲ್ಲಿ ಒಂದು ಆಯಿತೆಂದರೆ ತಟ್ಟೆ ಹಾಕಿಕೊಂಡು ಕೂತುಬಿಡುತ್ತೇನೆ. ತಡಮಾಡಿದರೆ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ.